ಅಪ್ಲಿಕೇಶನ್ ಸಪೋರ್ಟ್‌ನಿಂದ ಡೆವ್‌ಆಪ್ಸ್‌ಗೋ, ಡೇಟಾಗೋ, ಸೆಕ್ಯುರಿಟಿಗೋ?

ಕೆಂಗೇರಿ_ಕೊನೇಸ್ಟಾಪ್
ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಅಪ್ಲಿಕೇಶನ್ ಸಪೋರ್ಟ್ ಕೆಲಸ, 2 ವರ್ಷ ಆಯ್ತು. ಲಿನಕ್ಸ್‌ನಲ್ಲಿ ಲಾಗ್ ನೋಡೋದು, ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ ಬರೆಯೋದು, ಚಿಕ್ಕ ಪೈಥಾನ್ ಸ್ಕ್ರಿಪ್ಟ್, ಇಷ್ಟು ಬರುತ್ತೆ. ಮಾರತಹಳ್ಳಿಯ ಇನ್‌ಸ್ಟಿಟ್ಯೂಟ್‌ಗಳಲ್ಲಿ ಮೂರಕ್ಕೂ ಕೋರ್ಸ್ ಇದೆ. ದುಡ್ಡು ಕಟ್ಟೋ ಮುಂಚೆ ಯಾವುದು ನನಗೆ ಹೊಂದುತ್ತೆ ಅಂತ ತಿಳಿಯೋದು ಹೇಗೆ? ದಿನಕ್ಕೆ ಒಂದೂವರೆ ಗಂಟೆ ಸಿಗುತ್ತೆ. ಲ್ಯಾಪ್‌ಟಾಪ್ 8 ಜಿಬಿ.

ಶೆಲ್_ಪ್ರಾಂಪ್ಟ್
ಈಗಲೇ ಕಟ್ಟಬೇಡಿ. ನೀವು ಕಳೆದ 3 ತಿಂಗಳಲ್ಲಿ ಮುಚ್ಚಿದ ಟಿಕೆಟ್‌ಗಳನ್ನ (ಬಂದ ದೂರುಗಳನ್ನ) ಆಫೀಸ್ ಲ್ಯಾಪ್‌ಟಾಪ್‌ನಲ್ಲೇ ಎಕ್ಸೆಲ್‌ಗೆ ಇಳಿಸಿ, ಎರಡು ಕಾಲಂ ಸೇರಿಸಿ. ಒಂದರಲ್ಲಿ ಮೂಲ ಕಾರಣ ಎಲ್ಲಿತ್ತು: ಸರ್ವರ್, ನೆಟ್‌ವರ್ಕ್, ಡಿಪ್ಲಾಯ್‌ಮೆಂಟಾ, ಡೇಟಾ ತಪ್ಪೋ ತಡವೋ, ಲಾಗಿನ್, ಪರ್ಮಿಷನ್, ಸರ್ಟಿಫಿಕೇಟಾ. ಇನ್ನೊಂದರಲ್ಲಿ ಬೇರೆ ಟೀಮಿಗೆ ದಾಟಿಸೋ ಮುಂಚೆ ನೀವಾಗಿ ಎಷ್ಟು ದೂರ ಅಗೆದಿರಿ. ನನಗೆ ಮುಖ್ಯ ಅನ್ನಿಸೋದು ಎರಡನೇದು. ಯಾರೂ ಹೇಳದೆ ಯಾವ ತರದ ತೊಂದರೆಯ ಹಿಂದೆ ಬೀಳ್ತೀರಿ ಅನ್ನೋದು ಅಲ್ಲಿ ಕಾಣುತ್ತೆ.

ಡೆವ್‌ಆಪ್ಸ್ ಅಂದ್ರೆ ಸಾಫ್ಟ್‌ವೇರನ್ನ ಸರ್ವರ್‌ಗೆ ಏರಿಸಿ ನಿಲ್ಲದಂತೆ ಓಡಿಸೋ ಕೆಲಸ. ಅದು ನಿಮಗೆ ಹೊಂದುತ್ತಾ ನೋಡೋಕೆ 2 ವಾರ ಸಾಕು. ಡಾಕರ್ (ಪ್ರೋಗ್ರಾಂಗಳನ್ನ ಕಂಟೇನರ್ ಅನ್ನೋ ಡಬ್ಬಿಯಲ್ಲಿ ಓಡಿಸೋ ಟೂಲ್) ಮೇಲೆ 'ಕೈಂಡ್' ಹಾಕಿ. ಕಂಟೇನರ್‌ಗಳನ್ನ ನೋಡ್ಕೊಳ್ಳೋ ಕುಬರ್ನೆಟಿಸ್ಸನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಓಡಿಸೋ ಟೂಲ್ ಅದು. ಒಂದೇ ನೋಡ್‌ನ (ಒಂದೇ ಮಷೀನ್‌ನ) ಕ್ಲಸ್ಟರ್ 8 ಜಿಬಿಯಲ್ಲಿ ನಡೆಯುತ್ತೆ. ಲಿಸ್ಟ್ ತುಂಬಿಸ್ತಾನೇ ಹೋಗೋ ಪೈಥಾನ್ ಸ್ಕ್ರಿಪ್ಟನ್ನ 64 ಎಂಬಿ ಮೆಮೊರಿ ಲಿಮಿಟ್ ಇಟ್ಟು ಓಡಿಸಿ. ಪಾಡ್ (ಕುಬರ್ನೆಟಿಸ್‌ನಲ್ಲಿ ಪ್ರೋಗ್ರಾಂ ಓಡೋ ಘಟಕ) ಸಾಯುತ್ತೆ, ಏಳುತ್ತೆ, ಮತ್ತೆ ಸಾಯುತ್ತೆ. ಲಾಗ್‌ನಲ್ಲಿ ಎರರ್ ಒಂದು ಸಾಲೂ ಇರಲ್ಲ, ಯಾಕಂದ್ರೆ ಲಿಮಿಟ್ ದಾಟಿದ್ದಕ್ಕೆ ಕರ್ನಲ್ ಸಿಗ್‌ಕಿಲ್ (ತಕ್ಷಣ ಕೊಲ್ಲೋ ಸಿಗ್ನಲ್) ಕಳಿಸಿದಾಗ ಪ್ರೋಗ್ರಾಂಗೆ ಬರೆಯೋಕೆ ಅವಕಾಶವೇ ಸಿಗಲ್ಲ. ಪಾಡನ್ನ 'ಡಿಸ್ಕ್ರೈಬ್' ಮಾಡಿದ್ರೆ ಎಕ್ಸಿಟ್ ಕೋಡ್ 137 ಕಾಣುತ್ತೆ: 128ಕ್ಕೆ ಸಿಗ್ನಲ್ ನಂಬರ್ 9 ಕೂಡಿದ್ದು. ಇದನ್ನ ಹುಡುಕೋವಾಗ ಊಟದ ಹೊತ್ತು ಮರೆತ್ರೆ ಈ ಕೆಲಸ ನಿಮ್ಮದು.

ಎಡಬ್ಲ್ಯೂಎಸ್‌ನ ಇಕೆಎಸ್ (ಅಮೆಜಾನ್ ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗೋ ಕುಬರ್ನೆಟಿಸ್) ಮೇಲೆ ಕಲಿಯೋಕೆ ಹೋಗಬೇಡಿ. ಕ್ಲಸ್ಟರ್ ನಡೆಸೋ ಭಾಗವಾದ ಕಂಟ್ರೋಲ್ ಪ್ಲೇನ್‌ಗೇ ಗಂಟೆಗೆ 0.10 ಡಾಲರ್, ಏನೂ ಓಡಿಸದೆ ಬಿಟ್ರೂ ತಿಂಗಳಿಗೆ 72 ಡಾಲರ್. ಒಳಗಿನ ಸರ್ವರ್‌ಗಳಿಗೆ ಇಂಟರ್ನೆಟ್ ಕೊಡೋ ನ್ಯಾಟ್ ಗೇಟ್‌ವೇ ಬಿಲ್ ಬೇರೆ.

ಟೇಬಲ್_ಸ್ಕ್ಯಾನ್
ಸಪೋರ್ಟ್‌ನಿಂದ ಬರೋರಿಗೆ ಹತ್ತಿರದ ದಾರಿ ಡೇಟಾ ಇಂಜಿನಿಯರಿಂಗೇ (ಡೇಟಾನ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಾಗಿ ಸಾಗಿಸಿ ಸಿದ್ಧಪಡಿಸೋ ಕೆಲಸ) ಅಂತ ನನ್ನ ಅಭಿಪ್ರಾಯ. ದೊಡ್ಡ ಡೇಟಾಗೆ ಬಳಸೋ ಸ್ಪಾರ್ಕ್ ಆಮೇಲೆ, ಮೊದಲು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದನ್ನ ಮಾಡಿ ನೋಡಿ.

ಆರ್ಡರ್ ಟೇಬಲ್‌ನಲ್ಲಿ 1000 ರೂಪಾಯಿಯ ಒಂದು ಆರ್ಡರ್, ಪೇಮೆಂಟ್ ಟೇಬಲ್‌ನಲ್ಲಿ ಅದಕ್ಕೆ 600, 400ರ ಎರಡು ಕಂತು. ಜಾಯಿನ್ ಮಾಡಿ ಆರ್ಡರ್ ಮೊತ್ತ ಕೂಡಿದ್ರೆ, ಆರ್ಡರ್ ಸಾಲು ಕಂತಿಗೊಂದು ಸಲ ಬರೋದ್ರಿಂದ 2000 ಬರುತ್ತೆ. ಎರರ್ ಬರಲ್ಲ, ಜಾಬ್ ಹಸಿರು ತೋರಿಸುತ್ತೆ, ತಪ್ಪು ಲೆಕ್ಕ ನೇರ ಮ್ಯಾನೇಜರ್ ರಿಪೋರ್ಟಿಗೆ ಹೋಗುತ್ತೆ. ಡಿಸ್ಟಿಂಕ್ಟ್ (ಒಂದೇ ಮೊತ್ತವನ್ನ ಒಂದೇ ಸಲ ಎಣಿಸೋದು) ಹಾಕಿ ಸರಿ ಮಾಡೋರು ಇದಾರೆ. ಒಂದೇ ಮೊತ್ತದ ಎರಡು ಆರ್ಡರ್ ಬಂದ ದಿನ ಅದು ಒಂದನ್ನ ನುಂಗಿಬಿಡುತ್ತೆ. ಪೇಮೆಂಟನ್ನ ಆರ್ಡರ್‌ವಾರು ಮೊದಲೇ ಕೂಡಿ, ಆಮೇಲೆ ಜಾಯಿನ್ ಮಾಡಬೇಕು.

ಇನ್ನೊಂದು: ನಿಮ್ಮ ಲೋಡ್ ಸ್ಕ್ರಿಪ್ಟನ್ನ ಒಂದೇ ತಾರೀಖಿಗೆ ಎರಡು ಸಲ ಓಡಿಸಿ. ಸಾಲು ದುಪ್ಪಟ್ಟಾದ್ರೆ, ಆ ತಾರೀಖಿನ ಹಳೇ ಸಾಲು ಅಳಿಸಿ ಹೊಸದು ಸೇರಿಸೋದನ್ನ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದ್ರೆ ಎರಡೂ ಆಗುತ್ತೆ, ಇಲ್ಲಾಂದ್ರೆ ಎರಡೂ ಆಗಲ್ಲ) ಇಡಿ. ಬೇರೆ ಬೇರೆ ಇಟ್ರೆ ಅಳಿಸಿದ ಮೇಲೆ ಜಾಬ್ ಬಿದ್ದಾಗ ಆ ತಾರೀಖಿನ ಸಾಲುಗಳೇ ಇರಲ್ಲ.

ಪೋರ್ಟ್_443
ಸೆಕ್ಯುರಿಟಿಗೆ ಹೊಸದಾಗಿ ಬರೋರಿಗೆ ಹೆಚ್ಚಾಗಿ ಸಿಗೋದು ಅಲರ್ಟ್ ನೋಡೋ ಕೆಲಸ, ಅದೂ ಸರದಿ ಶಿಫ್ಟ್. ಮೊದಲು ಅದು ನಿಮಗೆ ಒಗ್ಗುತ್ತಾ ನೋಡಿ. ಪೋರ್ಟ್‌ಸ್ವಿಗ್ಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ ಉಚಿತ. ಅಲ್ಲಿ ಆಕ್ಸೆಸ್ ಕಂಟ್ರೋಲ್ (ಯಾರು ಏನು ನೋಡಬಹುದು ಅನ್ನೋ ಕಟ್ಟುಪಾಡು) ಲ್ಯಾಬ್‌ನಿಂದ ಶುರು ಮಾಡಿ. ಯುಆರ್‌ಎಲ್‌ನಲ್ಲಿ ಐಡಿ ಬದಲಿಸಿದ್ರೆ ಇನ್ನೊಬ್ಬರ ಖಾತೆ ತೆರೆಯೋ ದೋಷ ಈ ಜಾತಿಯದೇ. ವೆಬ್ ಅಪ್ಲಿಕೇಶನ್‌ಗಳ ದೊಡ್ಡ ಅಪಾಯಗಳ 2021ರ ಓವಾಸ್ಪ್ ಪಟ್ಟಿಯಲ್ಲಿ ಮೊದಲ ಸ್ಥಾನ ಆಕ್ಸೆಸ್ ಕಂಟ್ರೋಲ್ ದೋಷಕ್ಕೇ. ಲ್ಯಾಬ್ ಬಿಟ್ಟು ಬೇರೆಯವರ ಸೈಟ್ ಮೇಲೆ ಅನುಮತಿ ಇಲ್ಲದೆ ಕೈ ಇಡಲೇಬೇಡಿ. ಐಟಿ ಕಾಯ್ದೆ 2000ರ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಕೆಂಗೇರಿ_ಕೊನೇಸ್ಟಾಪ್
ತುಂಬಾ ಥ್ಯಾಂಕ್ಸ್. ಟಿಕೆಟ್ ಇಳಿಸಿದೆ. ಸರ್ವರ್‌ದೇ ಜಾಸ್ತಿ, ಆದ್ರೆ ನಾನೇ ಕೊನೇವರೆಗೂ ಹೋಗಿದ್ದು ರಾತ್ರಿ ಬ್ಯಾಚ್ ಜಾಬ್, ಲೆಕ್ಕ ತಾಳೆ ಆಗದ ಟಿಕೆಟ್‌ಗಳಲ್ಲಿ.

ಟೇಬಲ್_ಸ್ಕ್ಯಾನ್
ಹಾಗಾದ್ರೆ ಆ ಬ್ಯಾಚ್ ಜಾಬ್ ನೋಡ್ಕೊಳ್ಳೋ ಟೀಮ್ ನಿಮ್ಮ ಕಂಪನಿಯಲ್ಲೇ ಇರಬೇಕಲ್ಲ. ಪದೇ ಪದೇ ಬೀಳೋ ಒಂದು ಜಾಬ್ ಹಿಡಿದು, ಕಾರಣ ಮತ್ತು ತಿದ್ದಿದ ಕ್ವೆರಿ ಒಂದು ಪುಟದಲ್ಲಿ ಬರೆದು ಅವರ ಲೀಡ್‌ಗೆ ಕೊಡಿ. ಒಳಗೇ ಟೀಮ್ ಬದಲಾದ್ರೆ 90 ದಿನದ ನೋಟಿಸ್ ಪೀರಿಯಡ್ ಗೋಳಿಲ್ಲ.