2.4ರಲ್ಲಿ ಒಬ್ಬರದ್ದು ಒಬ್ಬರಿಗೆ ತಾಗಲ್ಲ ಅಂದ್ರೆ ನನ್ನ ಪ್ಲೇನ್ ಯಾಕೆ ಬಿತ್ತು?

ಫೋಮ್ ಪೈಲಟ್:
ಭಾನುವಾರ ಒಣಗಿದ ಕೆರೆ ಅಂಗಳದಲ್ಲಿ ನನ್ನ ರಿಮೋಟ್ ಪ್ಲೇನ್ ಬಿತ್ತು. ಫೋಮ್ ಶೀಟಿನದು, ನಾನೇ ಕತ್ತರಿಸಿ ಅಂಟಿಸಿದ್ದು. 3 ಸೆಲ್ ಲಿಪೋ ಬ್ಯಾಟರಿ, ರೆಕ್ಕೆ-ಬಾಲದ ಸರ್ಫೇಸ್ ಆಡಿಸಲು ನಾಲ್ಕು ಮೆಟಲ್ ಗೇರ್ ಸರ್ವೋ (ಪುಟ್ಟ ಮೋಟರ್). ಸ್ವಲ್ಪ ದೂರ ಹೋದ ಮೇಲೆ ಜೋರಾಗಿ ಎಳೆದು ತಿರುಗಿಸಿದೆ ನೋಡಿ, ಅಲ್ಲಿಂದ ಸ್ಟಿಕ್ ಏನು ಮಾಡಿದರೂ ಕೇಳಲಿಲ್ಲ, ಎರಡು ಸೆಕೆಂಡ್ ಆದ ಮೇಲೆ ಕಂಟ್ರೋಲ್ ವಾಪಸ್ ಬಂತು, ಅಷ್ಟರಲ್ಲಿ ಮೂತಿ ಜಾಲಿ ಗಿಡದೊಳಗೆ. ಪಕ್ಕದಲ್ಲಿ ಇನ್ನೂ ಐದು ಜನ ಹಾರಿಸುತ್ತಿದ್ದರು, ಎಲ್ಲರ ರಿಮೋಟೂ 2.4 ಗಿಗಾಹರ್ಟ್ಸ್. ಅವರ ಸಿಗ್ನಲ್ ತಾಗಿತಾ? ರಿಸೀವರ್ ಬದಲಿಸಲಾ?

ಕ್ರಿಸ್ಟಲ್ ಕಾಲದವನು:
ತಾಗುವುದು ಅಂದರೆ ಏನು ಅಂತ 72 ಮೆಗಾಹರ್ಟ್ಸ್ ಕಾಲದವರನ್ನು ಕೇಳಿ! ಆಗ ಒಂದು ಚಾನೆಲ್‌ಗೆ ಒಬ್ಬನೇ. ಬೋರ್ಡಿನಲ್ಲಿ ನಂಬರ್ ಬರೆದ ಬಟ್ಟೆ ಕ್ಲಿಪ್ ಇರುತ್ತಿತ್ತು, ಅದು ಕೈಗೆ ಬರದೆ ಟ್ರಾನ್ಸ್‌ಮಿಟರ್ ಆನ್ ಮಾಡಿದರೆ ಮೇಲಿದ್ದವನ ಪ್ಲೇನ್ ಹೋಯಿತು ಅಂತಲೇ ಲೆಕ್ಕ.

ಈಗ ಹಾಗಲ್ಲ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಜಾಗ ಇದೆ, ಸೆಟ್ ಅದರೊಳಗೆ ಜಿಗಿಯುತ್ತಲೇ ಇರುತ್ತದೆ. ಬೈಂಡ್ ಮಾಡುವಾಗ, ಅಂದರೆ ಎರಡನ್ನೂ ಜೋಡಿ ಮಾಡುವಾಗ, ನಿಮ್ಮ ಟ್ರಾನ್ಸ್‌ಮಿಟರ್ ಗುರುತನ್ನು ರಿಸೀವರ್ ನೆನಪಿಟ್ಟುಕೊಳ್ಳುತ್ತದೆ, ಬೇರೆಯವರದ್ದು ಕೇಳಿಸಿದರೂ ಬಿಟ್ಟುಬಿಡುತ್ತದೆ. ಒಂದು ಜಿಗಿತ ವೈಫೈಗೆ ಸಿಕ್ಕಿ ಕೆಟ್ಟರೆ ಕೆಲವೇ ಮಿಲಿಸೆಕೆಂಡಿನಲ್ಲಿ ಮುಂದಿನದ್ದು ಬೇರೆ ಕಡೆ. (2005ರ ಸುಮಾರಿಗೆ ಬಂದ ಸ್ಪೆಕ್ಟ್ರಮ್ ಡಿಎಕ್ಸ್6 ರಿಮೋಟ್ ಜಿಗಿಯುತ್ತಿರಲಿಲ್ಲ. ಖಾಲಿ ಇದ್ದ ಎರಡು ಚಾನೆಲ್ ಹಿಡಿದು ಅಲ್ಲೇ ಕೂರುತ್ತಿತ್ತು. ಅದೇ ನಮಗೆ ಆಗ ಮ್ಯಾಜಿಕ್.)

ಹಾಗಾಗಿ ಸುಮ್ನೆ ಪಕ್ಕದವರ ಮೇಲೆ ಹಾಕಬೇಡಿ. ಗಲಾಟೆ ಜಾಸ್ತಿ ಆದರೆ ಕಂಟ್ರೋಲ್ ತಡವರಿಸುತ್ತದೆ. ಪೂರ್ತಿ ಎರಡು ಸೆಕೆಂಡ್ ಸತ್ತು ತಾನಾಗಿಯೇ ಎದ್ದಿದೆ ಅಂದರೆ ನನಗೆ ಕರೆಂಟ್ ಮೇಲೇ ಅನುಮಾನ.

ಸೋಲ್ಡರ್ ಹೊಗೆ:
ಹೌದು, ಬ್ರೌನ್‌ಔಟ್. ರಿಸೀವರ್ ಒಂದು ಪುಟ್ಟ ಕಂಪ್ಯೂಟರ್, ವೋಲ್ಟೇಜ್ ಬಿದ್ದರೆ ರೀಸ್ಟಾರ್ಟ್ ಆಗುತ್ತದೆ. ಹಳೆಯ 72 ಸೆಟ್ಟು ಇಂಥದ್ದನ್ನು ಹೇಗೋ ತಡೆದುಕೊಳ್ಳುತ್ತಿತ್ತು. ನಿಮ್ಮ ಇಎಸ್‌ಸಿಯಲ್ಲಿ (ಮೋಟರ್ ವೇಗ ನಿಯಂತ್ರಿಸುವ ಬೋರ್ಡ್) ಲೀನಿಯರ್ ಬಿಇಸಿ (ರಿಸೀವರ್‌ಗೂ ಸರ್ವೋಗೂ ಕರೆಂಟ್ ಕೊಡುವ ಭಾಗ) ಇದೆಯಾ? ತುಂಬಿದ 3 ಸೆಲ್ 12.6 ವೋಲ್ಟ್, ಅದನ್ನು 5ಕ್ಕೆ ಇಳಿಸಬೇಕು, ಉಳಿದ 7.6 ಸುಮ್ನೆ ಬಿಸಿಯಾಗಿ ಹೋಗುತ್ತದೆ. ನಾಲ್ಕು ಮೆಟಲ್ ಗೇರ್ ಸರ್ವೋ ಒಟ್ಟಿಗೆ 2 ಆಂಪ್ ಎಳೆದರೆ 15 ವ್ಯಾಟ್, ಆ ಚಿಕ್ಕ ಚಿಪ್ ಮೇಲೆ! ನೀವು ಜೋರಾಗಿ ತಿರುಗಿಸಿದಾಗಲೇ ಆಗಿದ್ದು, ಅಲ್ವಾ?

ಪ್ರೊಪೆಲ್ಲರ್ ಬಿಚ್ಚಿಟ್ಟು, ಎರಡೂ ಸ್ಟಿಕ್ ಗರಗರ ತಿರುಗಿಸಿ, ಸರ್ಫೇಸ್‌ಗಳನ್ನು ಬೆರಳಲ್ಲಿ ಮೆತ್ತಗೆ ತಡೆದು ರಿಸೀವರ್ ಲೈಟ್ ನೋಡಿ. ವೋಲ್ಟ್ ಮೀಟರ್ ನಿಧಾನ, ಕ್ಷಣದ ಇಳಿತ ತೋರಿಸದೇ ಇರಬಹುದು.

ಬಾಲ್ಸಾ ಭಟ್ಟರು:
ಆಂಟೆನಾ ಕೂಡ ನೋಡಿ ಮಾರಾಯ್ರೆ. ತುದಿಯ 3 ಸೆಂಟಿಮೀಟರ್ ಚಿಲ್ಲರೆ ಮಾತ್ರ ಕೆಲಸ ಮಾಡುವುದು, ಅದನ್ನು ಬ್ಯಾಟರಿಗೋ ಕಾರ್ಬನ್ ರಾಡಿಗೋ ಒತ್ತಿ ಟೇಪ್ ಹಾಕಿದರೆ ಮುಗಿಯಿತು. ಎರಡಿದ್ದರೆ ಒಂದು ಅಡ್ಡ, ಒಂದು ಲಂಬ. ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ಹೋದಾಗ ಪ್ಲೇನ್ ಏನು ಮಾಡಬೇಕು ಅನ್ನುವ ಸೆಟ್ಟಿಂಗ್) ಥ್ರಾಟಲ್ ಸೊನ್ನೆಗೆ ಇಟ್ಟಿದ್ದೀರಾ?

ಫೋಮ್ ಪೈಲಟ್:
ಈಗ ಮಾಡಿ ನೋಡಿದೆ. ಹತ್ತು ಸೆಕೆಂಡೂ ಆಗಿರಲಿಲ್ಲ, ರಿಸೀವರ್ ಲೈಟ್ ಆರಿ ಮತ್ತೆ ಹೊತ್ತಿಕೊಂಡಿತು. ಇಎಸ್‌ಸಿ ಮುಟ್ಟಿದರೆ ದೋಸೆ ಹಂಚು. ಬೇರೆಯದೇ ಸ್ವಿಚಿಂಗ್ ಬಿಇಸಿ (ಇಷ್ಟು ಬಿಸಿಯಾಗದ ಬಗೆ) ಹಾಕುತ್ತೇನೆ, 3 ಆಂಪ್ ಸಾಕಾ, 5 ಬೇಕಾ? ಭಟ್ರೇ, ಫೇಲ್‌ಸೇಫ್ ಇಟ್ಟಿರಲಿಲ್ಲ.

ಸೋಲ್ಡರ್ ಹೊಗೆ:
5 ಹಾಕಿ. ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಕೆಂಪು ವೈರ್ ತೆಗೆಯುವುದು ಮರೆಯಬೇಡಿ.