ದೊಡ್ಡ ಮೋಟಾರ್ ಯಾಟ್: ಕಟ್ಟಿದ ಗುಣಮಟ್ಟ ಗೊತ್ತಾಗುವುದು ಹೇಗೆ? ಇಟ್ಟುಕೊಂಡವರು, ಕೆಲಸ ಮಾಡಿದವರು ಹೇಳಿ

ಕುಂಬಳೆ ಕಡಲಕರೆ:

ನಮಸ್ಕಾರ. ನಮ್ಮ ಅಣ್ಣ ಶಾರ್ಜಾದಲ್ಲಿ ವ್ಯಾಪಾರ ಮಾಡುತ್ತಾನೆ. ಅವನೂ ಅವನ ಪಾಲುದಾರನೂ ಸೇರಿ ಒಂದು ಹಳೆಯ ಮೋಟಾರ್ ಯಾಟ್ (ಇಂಜಿನ್‌ನಲ್ಲಿ ಓಡುವ ಐಷಾರಾಮಿ ಬೋಟು) ಕೊಳ್ಳಬೇಕು ಅಂತ ಹೊರಟಿದ್ದಾರೆ. 75 ಅಡಿ ಆಸುಪಾಸಿನದ್ದು. ಫೈಬರ್ ಹಲ್ (ಬೋಟಿನ ಒಡಲು), ಎರಡು ಡೀಸೆಲ್ ಇಂಜಿನ್, ನಾಲ್ಕು ಕ್ಯಾಬಿನ್. ಕೆಲವು ವರ್ಷ ಅಲ್ಲೇ ಇಟ್ಟುಕೊಂಡು ಆಮೇಲೆ ಕೊಚ್ಚಿಯ ಬೋಳ್ಗಾಟಿ ಮರೀನಾಕ್ಕೆ ತರುವುದು, ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಬೇಕಲದ ಕಡೆ ಬಂದು ಹೋಗುವುದು ಅವರ ಆಸೆ. ಊರಲ್ಲಿ ಬೋಟುಗಳ ನಡುವೆಯೇ ಬೆಳೆದವನು ಅಂತ ನನ್ನನ್ನು ಕೇಳುತ್ತಿದ್ದಾರೆ. ಮೀನಿನ ಬೋಟಾದರೆ ಒಂದು ಸುತ್ತು ಬಂದು ಹೇಳಬಲ್ಲೆ. ಇದು ಬೇರೆಯೇ ಲೋಕ.

ಮಾಲೀಕರು ಬರೆದಿದ್ದನ್ನು ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಬ್ಬರು ಇಂಗ್ಲೆಂಡಿನದ್ದೇ ಬೇಕು ಅನ್ನುತ್ತಾರೆ, ಇನ್ನೊಬ್ಬರು ಇಟಲಿಯ ಕೆಲಸದ ಮುಂದೆ ಬೇರೆ ಯಾವುದೂ ಇಲ್ಲ ಅನ್ನುತ್ತಾರೆ, ಮತ್ತೊಬ್ಬರು ಅದೆಲ್ಲ ಬಿಡಿ, ತೈವಾನ್‌ನಲ್ಲಿ ಕಟ್ಟಿದ್ದು ನೋಡಿ ಅನ್ನುತ್ತಾರೆ. ಒಂದೇ ಕಂಪನಿಯ ಒಂದೇ ಮಾಡೆಲ್ ಬಗ್ಗೆ ಇಬ್ಬರು ಮಾಲೀಕರು ಪೂರ್ತಿ ಉಲ್ಟಾ ಹೇಳಿದ್ದೂ ಇದೆ. ಬ್ರೋಕರ್ ಕಳಿಸುವ ಫೋಟೋಗಳಲ್ಲಿ ಬರೀ ಸೋಫಾ, ಅಡುಗೆಮನೆಯ ಕಲ್ಲು, ಬಾತ್‌ರೂಮಿನ ಕನ್ನಡಿ. ನಿಜವಾಗಿ ಎಲ್ಲಿ ನೋಡಬೇಕು? ಪೇಪರಲ್ಲಿ 'ಕೆಟಗರಿ ಎ' ಅಂತ ಇದೆ, ಅದಕ್ಕೆ ಎಷ್ಟು ಬೆಲೆ ಕೊಡಬೇಕು? ಗಲ್ಫ್ ನೀರಲ್ಲೇ ಇದ್ದ ಬೋಟು ಅಂದರೆ ಹೆದರಬೇಕಾ?

ಉಪ್ಪಳ ಇಂಜಿನ್‌ರೂಮ್:

ನಾನು ದುಬೈಯಲ್ಲಿ ಯಾಟ್‌ಗಳ ಇಂಜಿನ್ ಕಡೆ ಕೆಲಸ ಮಾಡುವವನು. ನನ್ನ ಮಾತು ಕೇಳುವುದಾದರೆ ಬೋಟ್ ಹತ್ತಿದ ಮೇಲೆ ಸಲೂನ್‌ಗೆ, ಅಂದರೆ ಸೋಫಾ ಇರುವ ಕೋಣೆಗೆ ಹೋಗಲೇ ಬೇಡಿ. ಸೀದಾ ಇಂಜಿನ್ ರೂಮಿಗೆ ಇಳಿಯಿರಿ. ಎರಡು ಇಂಜಿನ್‌ಗಳ ಹೊರಬದಿಗೆ, ಅಂದರೆ ಇಂಜಿನ್‌ಗೂ ಹಲ್‌ಗೂ ನಡುವಿನ ಜಾಗಕ್ಕೆ ನಿಮ್ಮ ಕೈ ಹೋಗುತ್ತದಾ ನೋಡಿ. ಸಮುದ್ರದ ನೀರಿನ ಪಂಪ್, ಅದರೊಳಗಿನ ರಬ್ಬರ್ ಚಕ್ರ (ಇಂಪೆಲ್ಲರ್), ಫಿಲ್ಟರ್, ಇಂಜಿನ್‌ಗೆ ಹೋಗುವ ಗಾಳಿ ತಣ್ಣಗಾಗಿಸುವ ಆಫ್ಟರ್‌ಕೂಲರ್, ಇವು ಮನುಷ್ಯನಿಗೆ ಸಿಗುವ ಜಾಗದಲ್ಲಿ ಇಲ್ಲ ಅಂದರೆ ಅವುಗಳ ಸರ್ವಿಸ್ ಸರಿಯಾಗಿ ಆಗಿರುವುದಿಲ್ಲ. ಯಾಕಂದರೆ ಯಾವ ಮೆಕ್ಯಾನಿಕ್ಕೂ ಕೈ ಹೋಗದ ಕಡೆ ಪ್ರೀತಿಯಿಂದ ಕೆಲಸ ಮಾಡಲ್ಲ. ನಾರ್ಡ್‌ಹಾವನ್, ಫ್ಲೆಮಿಂಗ್ ಥರದ ಬೋಟುಗಳನ್ನು ಮಾಲೀಕರು ಅಷ್ಟು ಹೊಗಳುವುದಕ್ಕೆ ದೊಡ್ಡ ಕಾರಣ ಅದೇ, ಒಳಗೆ ನಿಂತು ಕೆಲಸ ಮಾಡಬಹುದು. ಅವು ನಿಧಾನದ ಬೋಟುಗಳು, ನಿಮ್ಮ ಅಣ್ಣನಿಗೆ ಬೇಕಾದ ಥರ ಅಲ್ಲದಿರಬಹುದು. ಆದರೆ ಒಮ್ಮೆ ಹೋಗಿ ನೋಡಿ, ಕಣ್ಣಿಗೆ ಅಳತೆ ಸಿಗುತ್ತದೆ.

ಆಮೇಲೆ ವೈರಿಂಗ್. ಯಾವುದಾದರೂ ಪ್ಯಾನೆಲ್ ಬಿಚ್ಚಿಸಿ. ತವರದ ಲೇಪ ಇರುವ ತಾಮ್ರದ ವೈರ್, ಪ್ರತಿ ವೈರ್‌ಗೂ ನಂಬರ್, ನೆಟ್ಟಗೆ ಕಟ್ಟಿದ ಕಟ್ಟು, ಇದಿದ್ದರೆ ಕಟ್ಟಿದವರು ಮನಸ್ಸಿಟ್ಟು ಕಟ್ಟಿದ್ದಾರೆ. ಮೂಲ ವೈರಿಂಗ್ ಚೆನ್ನಾಗಿದ್ದು ಅದರ ಮೇಲೆ ಯಾರೋ ಸ್ಪೀಕರ್‌ಗೆ, ಲೈಟಿಗೆ ಅಂತ ಬೇರೆ ವೈರ್ ಎಳೆದು ಟೇಪ್ ಸುತ್ತಿರುವುದು ಇಲ್ಲಿ ತುಂಬಾ ಸಾಮಾನ್ಯ. ಅದು ಕಂಪನಿಯ ತಪ್ಪಲ್ಲ, ಆದರೆ ಬೆಂಕಿ ಹತ್ತುವಾಗ ಅದು ಯಾರ ತಪ್ಪು ಅಂತ ನೋಡಲ್ಲ.

ಗಲ್ಫ್ ವಿಷಯ. ಬೇಸಿಗೆಯಲ್ಲಿ ಇಲ್ಲಿ ಸಮುದ್ರದ ನೀರೇ 33, 34 ಡಿಗ್ರಿಗೆ ಹೋಗುತ್ತದೆ. ಉಪ್ಪೂ ನಮ್ಮ ಅರಬ್ಬಿ ಸಮುದ್ರಕ್ಕಿಂತ ಜಾಸ್ತಿ. ಇಂಜಿನ್ ತಣ್ಣಗಾಗುವುದೂ ಎಸಿ ಓಡುವುದೂ ಅದೇ ನೀರಲ್ಲಿ ಅಲ್ವಾ? ಯುರೋಪಿನ ತಣ್ಣೀರಿಗೆ ಲೆಕ್ಕ ಹಾಕಿದ ಎಸಿ ಇಲ್ಲಿ ಸೋಲುತ್ತದೆ. ಇನ್ನೊಂದು, ಎಲ್ಲರೂ ಮುಖ್ಯ ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ಕೇಳುತ್ತಾರೆ, ಜನರೇಟರ್ ಗಂಟೆ ಕೇಳುವವರು ಕಡಿಮೆ. ಆಂಕರ್ ಹಾಕಿ ನಿಂತ ಬೋಟಲ್ಲಿ ಎಸಿಗಾಗಿ ಜನರೇಟರ್ ಇಡೀ ದಿನ ಓಡುತ್ತದೆ. ಮುಖ್ಯ ಇಂಜಿನ್ ಹೊಸದರಂತಿದ್ದು ಜನರೇಟರ್ ಸತ್ತು ಹೋಗಿರುವ ಬೋಟುಗಳು ಇಲ್ಲಿ ಬೇಕಾದಷ್ಟಿವೆ.

ಮಂಜೇಶ್ವರ ಫೈಬರ್ ಶೆಡ್:

ಇಂಜಿನ್ ಬದಲಾಯಿಸಬಹುದು. ಹಲ್ ಬದಲಾಯಿಸೋಕಾಗಲ್ಲ. ಹಾಗಾಗಿ ನಾನು ಹಲ್ ಬಗ್ಗೆ ಬರೆಯುತ್ತೇನೆ. ನಮ್ಮದು ಮೀನುಗಾರರಿಗೆ ಫೈಬರ್ ದೋಣಿ ಮಾಡುವ ಸಣ್ಣ ಶೆಡ್ಡು. ಆದರೆ ಗ್ಲಾಸ್ ಬಟ್ಟೆ, ಅದನ್ನು ಹಿಡಿದಿಡುವ ರೆಸಿನ್ ಅಂಟು, ಅದರ ಸ್ವಭಾವ ದೊಡ್ಡ ಬೋಟಿಗೂ ಒಂದೇ. ಆಟಿಯ ಮಳೆಯಲ್ಲಿ ನಾವು ಕೆಲಸ ಕಡಿಮೆ ಮಾಡುತ್ತೇವೆ. ಗಾಳಿಯ ತೇವ ಜಾಸ್ತಿ ಇದ್ದಾಗ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಪದರಗಳು ಗಟ್ಟಿಯಾಗಿ ಹಿಡಿಯುವುದಿಲ್ಲ. ಒಳ್ಳೆಯ ಯಾಟ್ ಕಂಪನಿಗಳು ಶೆಡ್ಡಿನ ಬಿಸಿ, ತೇವ ಎರಡನ್ನೂ ಹಿಡಿತದಲ್ಲಿ ಇಡುತ್ತವೆ. ಈಗ ಹೆಚ್ಚಿನವರು ಒಣ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ಗಾಳಿ ಎಳೆದು ರೆಸಿನ್ ಹರಿಸುತ್ತಾರೆ. ಕೈಯಲ್ಲಿ ರೋಲರ್ ಹಿಡಿದು ಮಾಡುವುದಕ್ಕಿಂತ ಅದರಲ್ಲಿ ರೆಸಿನ್ ಕಡಿಮೆ ಸಾಕು, ಗುಳ್ಳೆ ಕಡಿಮೆ, ತೂಕವೂ ಹಗುರ. ಹಾಗಂತ ಕೈಯಲ್ಲಿ ಮಾಡಿದ್ದು ಕೆಟ್ಟದ್ದಲ್ಲ. ಹಳೆಯ ಕಾಲದ ದಪ್ಪ ಹಲ್‌ಗಳು ಇವತ್ತಿಗೂ ಗಟ್ಟಿಯಾಗಿವೆ.

ನೀರಿನ ಕೆಳಗೆ ಗುಳ್ಳೆ ಬಂದಿದೆಯಾ ಅಂತ ಮೊದಲು ನೋಡಿ. ಆಸ್ಮೋಸಿಸ್ ಅನ್ನುತ್ತಾರೆ. ಹೊರಗಿನ ನುಣುಪು ಪದರ, ಅಂದರೆ ಜೆಲ್‌ಕೋಟ್ ದಾಟಿ ಒಳಗೆ ಹೋದ ನೀರು ರೆಸಿನ್‌ನಲ್ಲಿ ಉಳಿದ ರಾಸಾಯನಿಕದ ಜೊತೆ ಸೇರಿ ಹುಳಿ ದ್ರವ ಆಗುತ್ತದೆ, ಗುಳ್ಳೆ ಒಡೆದರೆ ವಿನೆಗರ್ ವಾಸನೆ ಬರುತ್ತದೆ. ಬಿಸಿ ನೀರಲ್ಲಿ ಇದು ಬೇಗ ಆಗುತ್ತದೆ, ಗಲ್ಫ್‌ಗೂ ನಮ್ಮ ಕರಾವಳಿಗೂ ಅದೇ ಕಷ್ಟ. ಹೊರ ಪದರಗಳಿಗೆ ವಿನೈಲ್ ಎಸ್ಟರ್ ರೆಸಿನ್ ಬಳಸಿದ್ದರೆ ಭಯ ತುಂಬಾ ಕಡಿಮೆ. ಸಾಮಾನ್ಯ ಪಾಲಿಯೆಸ್ಟರ್ ಆದರೆ ಜಾಸ್ತಿ. ಇದನ್ನು ಕಂಪನಿಗೆ ಹಲ್ ನಂಬರ್ ಕೊಟ್ಟು ಕೇಳಬಹುದು. ಗುಳ್ಳೆ ಬಂದರೆ ಬೋಟು ಮುಳುಗಲ್ಲ, ಆದರೆ ಕೆತ್ತಿ, ಒಣಗಿಸಿ, ಎಪಾಕ್ಸಿ ಹಾಕಿಸಲು ತಿಂಗಳುಗಟ್ಟಲೆ ದಡದ ಮೇಲೆ ಇಡಬೇಕು.

ಅದಕ್ಕಿಂತ ನನಗೆ ಹೆದರಿಕೆ ಡೆಕ್, ಅಂದರೆ ಬೋಟಿನ ಮೇಲಿನ ನೆಲ. ತೂಕ ಇಳಿಸಲು ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇಟ್ಟಿರುತ್ತಾರೆ. ರೇಲಿಂಗ್, ಹಗ್ಗ ಕಟ್ಟುವ ಕ್ಲೀಟ್, ಕ್ರೇನ್ ಕೂರಿಸಲು ತೂತು ಹೊಡೆಯುವ ಕಡೆ ಆ ಮರ ತೆಗೆದು ಗಟ್ಟಿ ಫೈಬರ್ ತುಂಬಬೇಕು. ಅದನ್ನು ಮಾಡದೆ ಸುಮ್ನೆ ಸಿಲಿಕೋನ್ ಹಚ್ಚಿ ಸ್ಕ್ರೂ ಬಿಗಿದರೆ ಕೆಲವು ವರ್ಷದಲ್ಲಿ ನೀರು ಇಳಿದು ಬಾಲ್ಸಾ ಕೊಳೆಯುತ್ತದೆ. ಮೇಲೆ ತೇಗದ ಪಟ್ಟಿ ಹಾಕಿದ್ದರೆ ಹೊರಗೆ ಏನೂ ಕಾಣಿಸಲ್ಲ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಅಡಿ ಅಡಿಗೆ ತಟ್ಟುತ್ತಾ ಹೋಗಿ. ಸರಿ ಇದ್ದ ಕಡೆ ಟಕ್ ಅನ್ನುತ್ತದೆ, ಕೊಳೆತ ಕಡೆ ಮಂಕಾಗಿ ಕೇಳಿಸುತ್ತದೆ. ಮಾರುವ ಮೊದಲು ಹಲ್‌ಗೆ ಹೊಳಪು ಕೊಡಿಸುವುದು ಮನೆ ಮಾರುವಾಗ ಸುಣ್ಣ ಬಳಿದ ಹಾಗೆ, ಸುತ್ತಿಗೆಗೆ ಅದು ಲೆಕ್ಕಕ್ಕಿಲ್ಲ.

ಅಜ್ಮಾನ್ ಬದಿಯಡ್ಕ:

ಮಾಲೀಕರ ಅಭಿಪ್ರಾಯ ಕೇಳಿದ್ದೀರಿ, ನಾನು ಒಂದು 80 ಅಡಿ ಬೋಟಿನಲ್ಲಿ ಪಾಲು ಇಟ್ಟವನು. ಹೆಸರು ಹೇಳುವುದಿಲ್ಲ, ಹೆಸರಾಂತ ಕಂಪನಿಯೇ. ಮರದ ಕೆಲಸ, ಚರ್ಮದ ಹೊಲಿಗೆ, ಬಾಗಿಲು ಮುಚ್ಚುವಾಗಿನ ಸದ್ದು, ಎಲ್ಲ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆನ್ನಾಗಿದೆ. ಆದರೆ ಹಲ್‌ನ ದೊಡ್ಡ ಕಿಟಕಿಯ ಅಂಚಿನಲ್ಲಿ ನೀರು ಸೋರುತ್ತಿತ್ತು. ಹಾಸಿಗೆಯ ಹಿಂದಿನ ಪ್ಯಾನೆಲ್ ತೆಗೆಯುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಗಾಜು ಕೂರಿಸಿದ ಅಂಟು ಬಿಟ್ಟಿತ್ತು. ವಾರಂಟಿ ಮುಗಿದಿದೆ ಅಂತ ಕಂಪನಿ ಕೈತೊಳೆದುಕೊಂಡಿತು. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ, ಯಾಕಂದರೆ ಅಷ್ಟು ದುಡ್ಡು ಕೊಟ್ಟು ಕೊಂಡವರಿಗೆ ಒಂದು ಕಿಟಕಿ ನೆಟ್ಟಗೆ ಕೂರಿಸಿ ಕೊಡಬೇಕಿತ್ತು.

ಹೆಸರು ನೋಡಿ ತಗೊಳ್ಳುವವರಿಗೆ ಒಂದು ಮಾತು. ಕಟ್ಟಿದ ವರ್ಷ ನೋಡಿ. ಕಂಪನಿಗಳ ಒಡೆತನ ಬದಲಾಗುತ್ತಲೇ ಇರುತ್ತದೆ. ಇಟಲಿಯ ಫೆರೆಟ್ಟಿಯ ದೊಡ್ಡ ಪಾಲನ್ನು 2012ರಲ್ಲಿ ಚೀನಾದ ವೈಚಾಯ್ ಕೊಂಡಿತು. ಇಂಗ್ಲೆಂಡಿನ ಸನ್‌ಸೀಕರ್ 2013ರಲ್ಲಿ ಚೀನಾದ ವಾಂಡಾ ಕೈಗೆ ಹೋಯಿತು. ಇದರಿಂದ ಕೆಲಸ ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಹೊಸ ಹಣ ಬಂದು ಸುಧಾರಿಸುವುದೂ ಉಂಟು. ಆದರೆ 2008ರ ಬೋಟಿನ ಬಗ್ಗೆ ಒಬ್ಬರು ಬರೆದಿದ್ದನ್ನು 2018ರ ಬೋಟಿಗೆ ಅಂಟಿಸಬಾರದು. ಇಬ್ಬರು ಮಾಲೀಕರು ಉಲ್ಟಾ ಹೇಳುವುದಕ್ಕೆ ಅರ್ಧ ಕಾರಣ ಇದೇ. ಇನ್ನರ್ಧ, ಒಬ್ಬರು ಬೋಟನ್ನು ವಾರಕ್ಕೊಮ್ಮೆ ಓಡಿಸಿ ತೊಳೆದು ಇಟ್ಟಿರುತ್ತಾರೆ, ಇನ್ನೊಬ್ಬರು ಚಾರ್ಟರ್‌ಗೆ, ಅಂದರೆ ಬಾಡಿಗೆಗೆ ಬಿಟ್ಟಿರುತ್ತಾರೆ. ಹೊಸದು ಕೊಂಡು ಮೊದಲ ವರ್ಷದಲ್ಲೇ ಹೊಗಳುವವರ ಮಾತಿಗೆ ನಾನು ಬೆಲೆ ಕೊಡಲ್ಲ. ಎರಡನೇ ಮಾಲೀಕ, ಏಳೆಂಟು ವರ್ಷ ಇಟ್ಟುಕೊಂಡವರು, ಅಂಥವರನ್ನು ಹುಡುಕಿ ಮಾತಾಡಿಸಿ.

ಗಲ್ಫ್ ಕ್ರಾಫ್ಟ್ ಅಂತ ಇಲ್ಲಿಯದೇ ಕಂಪನಿ ಇದೆ, 1982ರಿಂದ ಕಟ್ಟುತ್ತಿದ್ದಾರೆ. ಈ ಬಿಸಿಲಲ್ಲೇ ಕಟ್ಟಿ, ಈ ಬಿಸಿಲಲ್ಲೇ ಓಡಿಸುವವರು. ರಿಪೇರಿಗೆ ಹತ್ತಿರ ಇದ್ದಾರೆ ಅನ್ನುವುದು ಸಣ್ಣ ವಿಷಯ ಅಲ್ಲ. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಚಂದ್ರಗಿರಿ ಸರ್ವೆ:

ಮೇಲಿನವರು ಹೇಳಿದ್ದು ಸರಿಯಾಗಿದೆ. ಕೆಟಗರಿ ಎ ಬಗ್ಗೆ ಯಾರೂ ಹೇಳಿಲ್ಲ. ಅದು ಯುರೋಪಿನ ನಿಯಮ, 24 ಮೀಟರ್‌ವರೆಗಿನ ಹಲ್‌ಗೆ ಅನ್ವಯ. ಗಾಳಿ ಬ್ಯೂಫರ್ಟ್ ಅಳತೆಯ 8ನೇ ಬಲಕ್ಕಿಂತ ಜಾಸ್ತಿ, ಅಲೆ 4 ಮೀಟರ್‌ಗಿಂತ ಜಾಸ್ತಿ ಇರಬಹುದಾದ ಕಡಲಿಗೆ ವಿನ್ಯಾಸ ಮಾಡಿದ್ದು ಅಂತ ಅರ್ಥ. ಚಂಡಮಾರುತದಂಥದ್ದು ಇದರಲ್ಲಿ ಸೇರಿಲ್ಲ. ಬಿ ಅಂದರೆ ಗಾಳಿ 8ರವರೆಗೆ, ಅಲೆ 4 ಮೀಟರ್‌ವರೆಗೆ. ಇದು ಬೋಟು ಹೊಸದಿದ್ದಾಗಿನ ವಿನ್ಯಾಸದ ಮಾತು. ಹದಿನೈದು ವರ್ಷದ ನಂತರ ಡೆಕ್ ಕೊಳೆತಿದೆಯೋ ಇಲ್ಲವೋ ಅದು ಹೇಳಲ್ಲ.

ಹಲ್ ದಾಟಿ ನೀರು ಬರುವ ವಾಲ್ವ್‌ಗಳನ್ನು ಒಂದೊಂದಾಗಿ ನೋಡಿಸಿ. ಹಳೆಯ ಐಎಸ್‌ಒ 9093 ನಿಯಮದಲ್ಲಿ ಇಂಥ ಲೋಹದ ಫಿಟ್ಟಿಂಗ್ ಐದು ವರ್ಷ ಕೆಡದೆ ಉಳಿದರೆ ಸಾಕು ಅಂತ ಇತ್ತು. ಹಾಗಾಗಿ ಎಷ್ಟೋ ಬೋಟುಗಳಿಗೆ ಕಂಚಿನ ಬದಲು ಹಿತ್ತಾಳೆ ಹಾಕಿದರು. ಉಪ್ಪುನೀರಲ್ಲಿ ಹಿತ್ತಾಳೆಯ ಸತು ಕರಗಿ ಹೋಗಿ ಬರೀ ತಾಮ್ರದ ಜೊಳ್ಳು ಉಳಿಯುತ್ತದೆ. ಕೆರೆದಾಗ ಗುಲಾಬಿ ಬಣ್ಣ ಕಂಡರೆ ಅದು ಹೋಯಿತು ಅಂತ ತಿಳಿಯಿರಿ. ಬೋಟು ಮುಳುಗುವುದು ಹೆಚ್ಚಾಗಿ ಇಂಥ ಸಣ್ಣ ಜಾಗದಿಂದಲೇ. ಇಂಧನದ ಟ್ಯಾಂಕ್ ಯಾವುದರದ್ದು, ಹಾಳಾದರೆ ಹೊರಗೆ ತೆಗೆಯಲು ದಾರಿ ಇದೆಯಾ, ಅದನ್ನೂ ಕೇಳಿ.

ಕೊಳ್ಳುವ ಮೊದಲು ಬೋಟು ಪರೀಕ್ಷೆ ಮಾಡುವ ಸರ್ವೆಯರನ್ನು ನೀವೇ ಹುಡುಕಿ. ಬ್ರೋಕರ್ ತೋರಿಸಿದವರು ಬೇಡ. ಬೋಟನ್ನು ನೀರಿಂದ ಎತ್ತಿಸಿ, ಎತ್ತಿದ ಕೂಡಲೇ ತೇವದ ಮೀಟರ್ ಇಟ್ಟು ಅಳೆದರೆ ಆ ಅಂಕಿ ನಂಬಬೇಡಿ, ಹಲ್ ಒಣಗಲು ಸ್ವಲ್ಪ ದಿನ ಬಿಡಬೇಕು. ಇಂಜಿನ್‌ಗೆ ಬೇರೆಯವರನ್ನು ಕರೆಸಿ. ಹಲ್ ನೋಡುವವರಿಗೆ ಇಂಜಿನ್ ಪೂರ್ತಿ ಗೊತ್ತಿರಬೇಕೆಂದಿಲ್ಲ.

ಕುಂಬಳೆ ಕಡಲಕರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಪಾಲುದಾರ ಸರ್ವೆ ಖರ್ಚು ಯಾಕೆ ಅನ್ನುತ್ತಿದ್ದ, ಈಗ ಒಪ್ಪಿದ್ದಾನೆ. ಬೋಟನ್ನು ಎತ್ತಿಸಲು ಮಾರುವವರೂ ಒಪ್ಪಿದ್ದಾರೆ. ಒಂದೇ ಪ್ರಶ್ನೆ ಉಳಿದಿದೆ. ಇಂಜಿನ್ ಎಣ್ಣೆ ಲ್ಯಾಬಿಗೆ ಕಳಿಸಬೇಕು ಅನ್ನುತ್ತಾರಲ್ಲ, ಕಡಲಲ್ಲಿ ಓಡಿಸಿ ನೋಡುವ ಸೀ ಟ್ರಯಲ್‌ಗೆ ಮೊದಲಾ, ಆಮೇಲಾ?

ಉಪ್ಪಳ ಇಂಜಿನ್‌ರೂಮ್:

ಆಮೇಲೆ, ಎಣ್ಣೆ ಬಿಸಿ ಇರುವಾಗಲೇ. ಮೊನ್ನೆ ಮೊನ್ನೆ ಎಣ್ಣೆ ಬದಲಾಯಿಸಿದ್ದರೆ ವರದಿಯಲ್ಲಿ ಏನೂ ಕಾಣಲ್ಲ, ಹಾಗಾಗಿ ಬದಲಾಯಿಸಿದ ಮೇಲೆ ಎಷ್ಟು ಗಂಟೆ ಓಡಿದೆ ಅಂತ ಕೇಳಿ ಬಾಟಲಿ ಮೇಲೆ ಬರೆಯಿರಿ. ಗೇರ್‌ಬಾಕ್ಸ್, ಜನರೇಟರ್ ಎಣ್ಣೆಯನ್ನೂ ಕಳಿಸಿ. ವರದಿಯಲ್ಲಿ ಸೋಡಿಯಂ ಜಾಸ್ತಿ ಇದ್ದರೆ ಎಲ್ಲೋ ಉಪ್ಪುನೀರು ಒಳಗೆ ಬಂದಿರಬಹುದು, ಕೂಲರ್ ಬಿಚ್ಚಿಸದೆ ದುಡ್ಡು ಕೊಡಬೇಡಿ. ಟ್ರಯಲ್ ದಿನ ಸ್ವಲ್ಪ ಬೇಗ ಹೋಗಿ ಇಂಜಿನ್ ಮುಟ್ಟಿ ನೋಡಿ, ತಣ್ಣಗೇ ಇರಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸ್ಟಾರ್ಟ್ ಆಗುವಾಗಿನ ಹೊಗೆ ನಿಮಗೆ ಕಾಣಿಸಲ್ಲ. ಟ್ಯಾಂಕ್ ತುಂಬಿಸಿ ಪೂರ್ತಿ ಥ್ರಾಟಲ್ ಕೊಡಿಸಿ, ಕಂಪನಿ ಹೇಳಿದ ಆರ್‌ಪಿಎಂ ಎರಡೂ ಇಂಜಿನ್ ಮುಟ್ಟುತ್ತವಾ ನೋಡಿ. ಮುಟ್ಟದಿದ್ದರೆ ಹಲ್ ಗಲೀಜಾಗಿದೆಯೋ, ಪ್ರೊಪೆಲ್ಲರ್ ಹೊಂದುತ್ತಿಲ್ಲವೋ, ಇಂಜಿನ್ ದಣಿದಿದೆಯೋ ಅಂತ ಗೊತ್ತಾಗುವವರೆಗೆ ಬೆಲೆ ಮಾತಾಡಬೇಡಿ. ನಾನು ಶುಕ್ರವಾರ ಬಿಡುವಾಗಿರುತ್ತೇನೆ, ಟ್ರಯಲ್ ಆ ದಿನಕ್ಕೆ ಇಟ್ಟುಕೊಂಡರೆ ನಾನೇ ಬರುತ್ತೇನೆ.