ಪುಣೆ: ಕಾರಿನ ಪಿ1 ಕೋಡ್ ಅಳಿಸಿದರೂ ಮತ್ತೆ ಬರ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕೋಥ್ರುಡ್‌ನಲ್ಲಿರೋದು, ಒಂಬತ್ತು ವರ್ಷದ ಪೆಟ್ರೋಲ್ ಕಾರು. ಮಳೆ ಶುರುವಾದಾಗಿಂದ ಚೆಕ್ ಎಂಜಿನ್ ದೀಪ ಹತ್ತಿಕೊಳ್ತಿದೆ. ಸ್ಕ್ಯಾನರ್ ಹಾಕಿದ್ರೆ ಬರೋ ದೋಷದ ಕೋಡ್ ಪಿ1ರಿಂದ ಶುರುವಾಗುತ್ತೆ. ಪಿ0 ಆಗಿದ್ರೆ ಎಲ್ಲ ಕಂಪನಿಗೂ ಒಂದೇ ಅರ್ಥ. ಪಿ1 ಆಯಾ ಕಂಪನಿಯದೇ ಕೋಡ್, ಹಾಗಾಗಿ ನನ್ನ ಅಗ್ಗದ ಸ್ಕ್ಯಾನರ್ ಬರೀ ನಂಬರ್ ತೋರಿಸುತ್ತೆ. ಒಬ್ಬ ಮೆಕ್ಯಾನಿಕ್ ಕಂಪನಿ ಸಾಫ್ಟ್‌ವೇರಲ್ಲಿ ನೋಡಿ 'ಇಸಿಎಂಗೆ (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ವೋಲ್ಟೇಜ್ ಕಮ್ಮಿ' ಅಂದ್ರು. ಇನ್ನೊಬ್ಬರು ಇಸಿಎಂ ಬದಲಿಸಿಬಿಡಿ ಅಂತಾರೆ. ಅಷ್ಟು ದುಡ್ಡು ಸುಮ್ಮನೆ ಸುರಿಯೋಕೆ ಮನಸ್ಸು ಬರ್ತಿಲ್ಲ.

ಬ್ಯಾಟರಿ ಹೊಸದು. ಎಂಜಿನ್ ನಿಂತಾಗ 12.6 ವೋಲ್ಟ್, ಓಡುವಾಗ 14.1. ಫ್ಯೂಸ್, ರಿಲೇ ಸರಿ ಇವೆ. ನಿನ್ನೆ ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ಅಳೆದೆ: 0.4 ವೋಲ್ಟ್ ನಷ್ಟ! ಅರ್ತಿಂಗ್ ಪಟ್ಟಿ (ಎಂಜಿನ್‌ನ ಬ್ಯಾಟರಿ ಮೈನಸ್ ಕಡೆಗೆ ಜೋಡಿಸೋ ದಪ್ಪ ತಂತಿ) ಬಿಚ್ಚಿದಾಗ ಬೋಲ್ಟಿನ ಕೆಳಗೆ ಹಸಿರು ಕಿಲುಬು. ಉಜ್ಜಿ ಬಿಗಿ ಮಾಡಿದ ಮೇಲೆ 0.1ಕ್ಕೆ ಇಳೀತು. ಆದರೂ ಇವತ್ತು ಕಾತ್ರಜ್ ಘಾಟ್ ಹತ್ತುವಾಗ ಅದೇ ಕೋಡ್.

ಇಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ. ಇಸಿಎಂಗೆ ಬೇರೆ ಅರ್ತಿಂಗ್ ಇರುತ್ತಾ? ಅದರ ಕನೆಕ್ಟರ್ ಪಿನ್‌ನಲ್ಲಿ ವೋಲ್ಟೇಜ್ ಅಳೆಯೋದು ಲೋಡ್ ಹಾಕಿ ಎಂಜಿನ್ ಓಡುವಾಗಲೋ, ಬರೀ ಇಗ್ನಿಷನ್ ಆನ್ ಮಾಡಿಯೋ? ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.